ಅಗ್ಗದ ಏಣಿ, ದುಬಾರಿ ಸುಳ್ಳು

"ರೀ ಮೇಡಂ... ಇಳೀರಿ! ಬೀಳ್ತೀರ!"

ಅಂಗಡಿಯ ಬಾಗಿಲಲ್ಲಿ ನಿಂತು ಒಬ್ಬ ಗಂಡಸು ಹಾಕಿದ ಈ ಕೂಗಿಗೆ ಕಪಾಟಿನ ಗಾಜಿನ ಲೋಟಗಳೆಲ್ಲ ಗಡಗಡ ನಡುಗಿ ಒಂದನ್ನೊಂದು ತಬ್ಬಿಕೊಂಡವು. ನಂಬಿಕೆಯಿಲ್ಲದವರು ಹೋಗಿ ಲೋಟಗಳನ್ನೇ ಕೇಳಬಹುದು.

ಮಡಚುವ ಏಣಿಯ ತುತ್ತತುದಿಯ ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಂತಿದ್ದ ಹುಡುಗಿ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ. ಸುತ್ತ ನೆರೆದಿದ್ದ ಗಿರಾಕಿಗಳ ತಲೆಗಳ ಮೇಲಿಂದ ಅವನತ್ತ ನೋಡಿದಳು.

"ನಾನು ಬೀಳಲ್ಲ ಸಾರ್. ಒಂದು ವೇಳೆ ಬಿದ್ರೂ ನೀವು ಬಂದು ಹಿಡ್ಕೋಬೇಕಾಗಿಲ್ಲ."

"ಅಯ್ಯೋ, ಅದು ಅಗ್ಗದ ಏಣಿ ಕಣ್ರೀ!"

"ಅಗ್ಗ ಆದ್ರೆ ಬೀಳ್ಲೇಬೇಕಾ? ನಿಮ್ಮ ಕನ್ನಡಕ ನೋಡಿದ್ರೆ ದುಬಾರೀದು ಅನ್ಸುತ್ತೆ. ಆದ್ರೂ ಮೂಗಿನ ತುದಿಗೆ ಜಾರ್ಕೊಂಡು ಬಂದಿದೆಯಲ್ಲ!"

ಗಿರಾಕಿಗಳ ನಗುವಿಗೆ ಛಾವಣಿ ಹಾರಿಹೋಗುವುದೊಂದು ಬಾಕಿ. ಅವನ ಎರಡೂ ಕಿವಿಗಳು ಕೆಂಡದಂತಾದವು. ಬೇರೆ ಯಾರಾದರೂ ಆಗಿದ್ದರೆ ಬಂದ ದಾರಿ ಹಿಡಿಯುತ್ತಿದ್ದರು. ಇವನು ಕನ್ನಡಕ ಮೇಲೆ ತಳ್ಳಿಕೊಂಡು, ಜನರನ್ನು ಸರಿಸಿಕೊಂಡು, ನೇರವಾಗಿ ಏಣಿಯ ಬುಡಕ್ಕೇ ಬಂದು ತಲೆಯೆತ್ತಿ ನಿಂತ.

ಆಗ ಅವಳು ಆ ಕಣ್ಣುಗಳನ್ನು ಕಂಡಳು.

ಭಯ! ಆ ಕಣ್ಣುಗಳ ತುಂಬ ಭಯವಿತ್ತು. ಯಾರೋ ಏನೋ, ಮುಂಚೆ ಮುಖ ಕೂಡ ನೋಡಿರದ ಒಬ್ಬ ಮನುಷ್ಯ ತನಗಾಗಿ ಹೀಗೆ ಹೆದರಿಕೊಂಡು ನಿಂತಿದ್ದಾನೆ...

ಏಣಿ ಅಲುಗಲಿಲ್ಲ. ಅವಳ ಎದೆ ಮಾತ್ರ ಅಲುಗಿತು, ಭೂಕಂಪ ಅಳೆಯುವವರು ಓಡಿ ಬರುವಷ್ಟು.

"ಇದು ನಿಜವಾಗ್ಲೂ ಗಟ್ಟಿನಾ?" ಮೆಲ್ಲಗೆ ಕೇಳಿದ.

"ನಾನು ಗ್ಯಾರಂಟಿ."

"ಹಾಗಾದ್ರೆ... ನನಗೂ ಒಂದು ಕೊಡಿ."

ಆ ಅಂಗಡಿಯ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಅಲ್ಲಿ ಸೂಜಿಯಿಂದ ಹಿಡಿದು ಮಂಚದವರೆಗೆ ಎಲ್ಲವೂ ಅಗ್ಗ. ಎಷ್ಟು ಅಗ್ಗವೆಂದರೆ, ಕೊಂಡವರು 'ಇದರಲ್ಲಿ ಏನು ಮೋಸವಿದೆಯೋ' ಎಂದು ಮನೆ ಮುಟ್ಟುವತನಕ ಬೆವರುತ್ತಿದ್ದರು. ಕಂಪನಿಯ ಖಾತರಿ ಎಂಬುದು ಅಲ್ಲಿ ಭೂತಗನ್ನಡಿ ಹಿಡಿದು ಹುಡುಕಿದರೂ ಸಿಗದು. ಅದಕ್ಕೇ ಅಲ್ಲೊಂದು ಪದ್ಧತಿ ಬೆಳೆದಿತ್ತು. ಗಿರಾಕಿಗೆ ಅನುಮಾನ ಬಂದರೆ ಮಾರುವವರೇ ಮಾಡಿ ತೋರಿಸಬೇಕು: ಕುರ್ಚಿಯ ಮೇಲೆ ಧೊಪ್ಪನೆ ಕೂರಬೇಕು, ಬಕೆಟ್ಟನ್ನು ಒದೆಯಬೇಕು, ಏಣಿ ಹತ್ತಿ ಕುಣಿಯಬೇಕು. ಮುಂದೆ ದೂರೇನಾದರೂ ಬಂದರೆ, ತೋರಿಸಿ ಮಾರಿದವರೇ ಎಲ್ಲ ಕೆಲಸ ಬಿಟ್ಟು ನಿಂತು ಕೇಳಬೇಕು.

ಈ ತೋರಿಸುವ ವಿದ್ಯೆಯಲ್ಲಿ ನಮ್ಮ ಹುಡುಗಿಯನ್ನು ಮೀರಿಸುವವರು ಏಳು ಸಮುದ್ರದ ಆಚೆಗೂ ಇರಲಿಲ್ಲ. ಜನ ಅವಳ ಅಪ್ಪ ಅಮ್ಮ ಇಟ್ಟ ಹೆಸರನ್ನು ಮರೆತು 'ಗ್ಯಾರಂಟಿ' ಎಂದೇ ಕರೆಯುತ್ತಿದ್ದರು.

ಆದರೆ ಅವಳ ಹೊಟ್ಟೆಯೊಳಗಿನ ಸಂಕಟ ಯಾರಿಗೆ ಗೊತ್ತು? 'ನಾನು ಗ್ಯಾರಂಟಿ' ಎಂದಾಗಲೆಲ್ಲ ಒಳಗೊಂದು ಸೂಜಿ ಚುಚ್ಚುತ್ತಿತ್ತು. 'ನನ್ನ ಮಾತು ನಂಬಿ ತಗೊಂಡು ಹೋದವರಿಗೆ ಏನಾದ್ರೂ ಆದ್ರೆ...?'

ಅದಕ್ಕೇ ಯಾವ ಹೊಸ ಸಾಮಾನು ಬಂದರೂ ಮೊದಲು ಮನೆಗೆ ಒಯ್ದು ಹಿಂಡಿ ಹಿಪ್ಪೆ ಮಾಡುತ್ತಿದ್ದಳು. ಪಾಸಾದದ್ದಕ್ಕೆ ಮಾತ್ರ ಅವಳ ಗ್ಯಾರಂಟಿ.

"ಇದು ಮನೆಯೇನೇ, ನಿನ್ನ ಅಂಗಡಿ ಸಾಮಾನಿನ ಆಸ್ಪತ್ರೆಯೇನೇ?" ಎಂದು ದೊಡ್ಡಮ್ಮ ರೇಗುತ್ತಿದ್ದಳು.

ಹೆತ್ತವರಿಲ್ಲದ ಹುಡುಗಿಯನ್ನು ಸಾಕಿದವಳು ಈ ದೊಡ್ಡಮ್ಮ. ಪರದೆ ಹೊಲಿಯುವುದು ಅವಳ ಕಸುಬು. ಹೊಲಿದದ್ದನ್ನು ಗಿರಾಕಿಗಳ ಮನೆಗೇ ಹೊತ್ತೊಯ್ದು, ಏಣಿ ಹತ್ತಿ, ಕಿಟಕಿಗೆ ತೂಗುಹಾಕಿ ಬರುವವಳು. ಅವಳ ಹಳೆಯ ಮರದ ಏಣಿಯನ್ನು ಮೂಲೆಗೆ ತಳ್ಳಿ, ಅಂಗಡಿಯ ಈ ಮಡಚುವ ಏಣಿಯನ್ನು ಕೊಡಿಸಿದವಳು ಗ್ಯಾರಂಟಿಯೇ.

ಇನ್ನು, ಕಿವಿ ಕೆಂಪಾದ ಆ ಮನುಷ್ಯ ಯಾರು?

ಎದುರುಗಡೆಯ ದೊಡ್ಡ ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವವನು. ಬೆಂಕಿಕಡ್ಡಿಗಿಂತ ಸಣ್ಣ ಸ್ಕ್ರೂಡ್ರೈವರ್ ಹಿಡಿದು, ಇರುವೆಯ ಕಣ್ಣಿನಷ್ಟಿರುವ ತಿರುಪನ್ನು ಬಿಗಿ ಮಾಡುವ ಕೈ ಅವನದು. ಅವನು ಬಿಗಿ ಮಾಡಿದ ತಿರುಪು ಪ್ರಳಯವಾದರೂ ಬಿಚ್ಚಿಕೊಳ್ಳುವುದಿಲ್ಲ ಎಂದು ಬೀದಿಯೆಲ್ಲ ಮಾತಾಡಿಕೊಳ್ಳುತ್ತಿತ್ತು.

ಏಣಿ ಕೊಂಡ ಮೇಲೆ ಅವನು ಬಕೆಟ್ ಕೊಂಡ. ಜಗ್ಗು ಕೊಂಡ. ಬಟ್ಟೆ ಒಣಗಿಸುವ ಕ್ಲಿಪ್ಪು, ಜರಡಿ, ಮತ್ತೆ ಬಕೆಟ್.

"ಒಬ್ಬನೇ ಇರೋ ಮನುಷ್ಯ, ಎಷ್ಟು ಸಲ ಸ್ನಾನ ಮಾಡ್ತಾನೇ ಇವ್ನು?" ಪ್ಲಾಸ್ಟಿಕ್ ಸಾಮಾನು ಮಾರುವ ಬಕೆಟ್ ಅಕ್ಕ ಗ್ಯಾರಂಟಿಯ ಪಕ್ಕೆ ತಿವಿದಳು. "ನನ್ನ ಹತ್ರ ಬಂದು ಬಕೆಟ್ ಕೇಳ್ತಾನೆ, ಕಣ್ಣು ಮಾತ್ರ ಏಣಿ ಕಡೆ."

"ಸುಮ್ನಿರಕ್ಕ!"

"ನಾನು ಸುಮ್ನೇ ಇದೀನಿ. ಕೆಂಪಾಗ್ತಾ ಇರೋದು ನಿನ್ನ ಕೆನ್ನೆ."

ಬಾಯಿ 'ಸುಮ್ನಿರು' ಎಂದರೂ, ಎದುರು ಅಂಗಡಿಯ ಗಾಜಿನ ಬಾಗಿಲು ತೆರೆದ ಸದ್ದಿಗೆ ಅವಳ ಕಿವಿ ನಿಮಿರುತ್ತಿತ್ತು. ಅವನು ಬಂದು ನಿಂತು ಬಾಯಿ ತೆರೆಯುವುದರೊಳಗೆ ಇನ್ನೊಬ್ಬ ಗಿರಾಕಿ, ಮತ್ತೊಬ್ಬ ಗಿರಾಕಿ... ಸಮುದ್ರದ ಅಲೆಯಂತೆ ಜನ. ಅವನು ಎದೆಗೊಂದು ಜಗ್ಗು ಅವಚಿಕೊಂಡು ಹೊರಟುಹೋಗುತ್ತಿದ್ದ.

'ಏನೋ ಹೇಳೋಕೆ ಬಂದಿದ್ರು... ಏನಿರಬಹುದು?'

ಆ ಪ್ರಶ್ನೆಯನ್ನೇ ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದಳು ಹುಡುಗಿ.

ಒಂದು ಬೆಳಗ್ಗೆ ಅವನು ಬಂದ. ಕೈಯಲ್ಲಿ ಜಗ್ಗು ಇರಲಿಲ್ಲ. ಹೆಗಲ ಮೇಲೆ ಏಣಿ ಇತ್ತು.

"ದೂರು ಇದೆ," ಎಂದ.

ಒಂದೇ ಮಾತು. ಅವಳ ಮುಂದಿದ್ದ ಗಿರಾಕಿಗಳೆಲ್ಲ ಪದ್ಧತಿಯಂತೆ ಪಕ್ಕಕ್ಕೆ ಸರಿದರು. ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ತಣ್ಣಗಾಯಿತು.

"ಏಣಿ... ದೂರಾ?"

"ಕೀಲು ಸಡಿಲ ಆಗಿದೆ." ಅವನು ಅವಳ ಮುಖ ನೋಡಲಿಲ್ಲ. ಕಿವಿಗಳು ಕೆಂಪಾಗಿದ್ದವು. ಯಾಕೆ ಕೆಂಪಾಗಿದ್ದವೆಂದು ಈಗಲೇ ಹೇಳಿಬಿಡುವಷ್ಟು ದಡ್ಡತನ ನನ್ನಲ್ಲಿಲ್ಲ.

ಅವಳು ಏಣಿ ಬಿಡಿಸಿ ಅಲ್ಲಾಡಿಸಿದಳು. ಕಟ್... ಕಟ್... ಕಟ್. ಕೀಲಿನ ತಿರುಪು ಹಾಲುಹಲ್ಲಿನಂತೆ ಆಡುತ್ತಿತ್ತು!

"ತಾನಾಗೇ ಹೀಗಾಯ್ತಾ?"

"ಹೂಂ... ತಾನಾಗೇ." ಅವನು ಮಾತು ತಿರುಗಿಸಿದ. "ಮೇಡಂ, ಅದು ಹಾಗಿರ್ಲಿ, ಸಂಜೆ ನಿಮ್ಗೆ ಪುರುಸೊತ್ತು ಇದ್ರೆ, ಆ ಮೂಲೇಲಿ ಒಂದು ಟೀ..."

ಅವಳಿಗೆ ಆ ಮಾತು ಕೇಳಿಸಲೇ ಇಲ್ಲ. ತಿರುಪಿನ ವಿಷಯದಲ್ಲಿ ಈ ಮನುಷ್ಯ ಹೇಳಿದ ಮೇಲೆ ಅದು ಕಲ್ಲಿನಲ್ಲಿ ಕೊರೆದ ಹಾಗೆ. ಇವನದ್ದು ಸಡಿಲವಾಗಿದೆ ಎಂದರೆ ಎಲ್ಲರದ್ದೂ ಸಡಿಲವಾಗುತ್ತದೆ. ಎಲ್ಲರದ್ದೂ ಎಂದರೆ...

"ದೊಡ್ಡಮ್ಮ!"

"ಏನು?"

"ನಮ್ಮ ದೊಡ್ಡಮ್ಮ ಈಗ... ಈ ಕ್ಷಣದಲ್ಲಿ ಇಂಥದೇ ಏಣಿ ಮೇಲಿದಾಳೆ!"

ಅವಳು ಓಡಿದಳು. ಅವನು "ಮೇಡಂ, ನಿಲ್ಲಿ, ಹಾಗಲ್ಲ..." ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಬೀದಿಯ ತಿರುವು ದಾಟಿಯಾಗಿತ್ತು. ಅಂದು ಅವಳ ಓಟ ನೋಡಿದ ಬಸ್ಸುಗಳು ನಾಚಿ ಬದಿಗೆ ನಿಂತವು.

ದೊಡ್ಡಮ್ಮನ ಫೋನು ರಿಂಗಾಗುತ್ತಲೇ ಇತ್ತು. ಎತ್ತುವವರಿಲ್ಲ. ದೊಡ್ಡಮ್ಮ ಪರದೆ ಕಟ್ಟಲು ಹೋಗಿದ್ದ ಫ್ಲಾಟು ನಾಲ್ಕನೇ ಮಹಡಿಯಲ್ಲಿ. ಲಿಫ್ಟು ಮೇಲೆಲ್ಲೋ ಸಿಕ್ಕಿಕೊಂಡಿತ್ತು. ಮೆಟ್ಟಿಲುಗಳು ಮುಗಿಯುತ್ತಲೇ ಇಲ್ಲ...

'ದೇವರೇ, ಏನೂ ಆಗದಿರಲಿ. ನಾನೇ ಕೊಡಿಸಿದ್ದು. ನಾನೇ ಗ್ಯಾರಂಟಿ ಅಂದಿದ್ದು!'

ಬಾಗಿಲು ತೆರೆದೇ ಇತ್ತು. ದೊಡ್ಡ ಕಿಟಕಿಯ ಮುಂದೆ, ಏಣಿಯ ಮೇಲೆ, ಬಾಯಲ್ಲಿ ಪರದೆಯ ಕೊಕ್ಕೆಗಳನ್ನು ಕಚ್ಚಿಕೊಂಡು ದೊಡ್ಡಮ್ಮ ರಾಣಿಯಂತೆ ನಿಂತಿದ್ದಳು.

"ದೊಡ್ಡಮ್ಮಾ! ಇಳೀ! ಏಣಿ ಮುರಿಯುತ್ತೇ!"

ದೊಡ್ಡಮ್ಮ ಬೆಚ್ಚಿಬಿದ್ದು ಗರಕ್ಕನೆ ತಿರುಗಿದಳು. ಕಾಲು ಮೆಟ್ಟಿಲು ತಪ್ಪಿತು. ಕೈಗೆ ಸಿಕ್ಕಿದ್ದು ಪರದೆ. ಪರದೆ, ಅದರ ಕೊಳವೆ, ದೊಡ್ಡಮ್ಮ, ಮೂವರೂ ಒಟ್ಟಿಗೆ ನೆಲಕ್ಕೆ ಬಂದರು.

ಪಾದದ ಮೂಳೆ ಬಿರುಕು ಬಿಟ್ಟಿತ್ತು. ಆಸ್ಪತ್ರೆಯಲ್ಲಿ ಮೊಣಕಾಲವರೆಗೆ ಬಿಳಿ ಕಟ್ಟು ಹಾಕಿದರು.

"ನೆಟ್ಟಗೆ ನಿಂತಿದ್ದೋಳನ್ನ ಕೂಗಿ ಬೀಳಿಸಿದ್ಯಲ್ಲೇ!" ದೊಡ್ಡಮ್ಮ ನೋವಿನಲ್ಲೂ ಬಯ್ದಳು. "ನಾನು ಬಿದ್ದ ಮೇಲೂ ಆ ಏಣಿ ಹಾಗೇ ನಿಂತಿತ್ತು ಕಣೇ."

"ಇಲ್ಲ ದೊಡ್ಡಮ್ಮ. ಅದರ ಕೀಲೇ ಸರಿ ಇಲ್ಲ. ನನ್ನ ಮಾತು ನಂಬಿ ನೀನು..."

ಮುಂದಿನ ಮಾತು ಬಿಕ್ಕಳಿಕೆಯಲ್ಲಿ ಮುಳುಗಿತು. ಅಳುತ್ತಿರುವವರ ಕಿವಿಗೆ ಬುದ್ಧಿಮಾತು ಹೋಗುವುದುಂಟೇ? ಏಣಿ ನಿಂತೇ ಇತ್ತು ಎಂಬ ಮಾತು ಅವಳ ಕಿವಿಯ ಹೊರಗೇ ಉಳಿಯಿತು.

ಅಂದಿನಿಂದ ಅವಳಿಗೆ ಕಂಡ ಕಂಡ ಸಾಮಾನಿನಲ್ಲೆಲ್ಲ ಆಪತ್ತೇ ಕಾಣತೊಡಗಿತು. ಕುಕ್ಕರಿನ ಹಿಡಿಕೆಯನ್ನು ಹತ್ತು ಸಲ ಅಲ್ಲಾಡಿಸಿ ನೋಡುತ್ತಿದ್ದಳು. ಸ್ಟೂಲಿನ ಮೇಲೆ ಯಾರಾದರೂ ಕೂತರೆ ಉಸಿರು ನಿಲ್ಲುತ್ತಿತ್ತು. ಏಣಿ ಕೊಂಡವರ ಮುಖಗಳು ಒಂದೊಂದಾಗಿ ಎದುರಿಗೆ ಬಂದು ನಿಲ್ಲುತ್ತಿದ್ದವು. ಅಟ್ಟದ ಪುಸ್ತಕ ಇಳಿಸಬೇಕು ಎಂದಿದ್ದ ಆ ನಿವೃತ್ತ ಮೇಷ್ಟ್ರು... ಮಗುವಿನ ಕೋಣೆಗೆ ಬಣ್ಣ ಹಚ್ಚುತ್ತೇನೆ ಎಂದು ನಗುತ್ತಿದ್ದ ಆ ತುಂಬು ಬಸುರಿ...

'ಅವರು ಈಗ ಎಷ್ಟನೇ ಮೆಟ್ಟಿಲ ಮೇಲಿದಾರೋ!'

ಮನೆಯಲ್ಲಿದ್ದ ಒಂದೊಂದು ಸಾಮಾನನ್ನೂ ಹೊಸದಾಗಿ ಪರೀಕ್ಷೆಗೆ ಕೂರಿಸಿದಳು. ಬಕೆಟ್ ಗಟ್ಟಿ. ಸ್ಟೂಲು ಗಟ್ಟಿ. ಆದರೆ ಪ್ಲಗ್ಗು ಸಿಕ್ಕಿಸುವ ಉದ್ದ ವೈರಿನ ಬಾಕ್ಸು? ಅದನ್ನು ಮೊದಲು ಮೇಜಿನ ದೀಪ ಸಿಕ್ಕಿಸಿ ನೋಡಿ ಪಾಸು ಮಾಡಿದ್ದಳು. ಈಗ ಇಸ್ತ್ರಿಪೆಟ್ಟಿಗೆ ಸಿಕ್ಕಿಸಿದಳು. ಸ್ವಲ್ಪ ಹೊತ್ತಿಗೆ ವೈರು ಬಿಸಿ ದೋಸೆಯಂತೆ ಸುಟ್ಟಿತು. ಪ್ಲಾಸ್ಟಿಕ್ ಕರಗುವ ವಾಸನೆ!

ಗೋಡೆಯಿಂದ ಕಿತ್ತು ಬಿಸಾಡಿ, ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಇದನ್ನೂ ತಾನೇ ತೋರಿಸಿ ಮಾರಿದ್ದು. ಇದಕ್ಕೂ ತನ್ನದೇ ಗ್ಯಾರಂಟಿ.

ಅಂಗಡಿಗೆ ಹೋಗಿ ಏಣಿಯ ವಿಷಯ ಹೇಳಿದಾಗ ಮ್ಯಾನೇಜರು ಕೆಮ್ಮಿದರು. ಕೆಟ್ಟ ಸುದ್ದಿ ಹೇಳುವ ಮುಂಚೆ ಅವರು ಕೆಮ್ಮುವುದು ವಾಡಿಕೆ. ಅಂದಿನ ಕೆಮ್ಮು ಐದು ಅಂಗಡಿ ಆಚೆಗೆ ಕೇಳಿಸಿತು.

"ಯಜಮಾನಿಗೆ ಫೋನ್ ಮಾಡಿದೀನಮ್ಮ. ಏಣಿಗಳನ್ನೆಲ್ಲ ತೆಗೆದಿಡಿ ಅಂದ್ರು. ಇನ್ಮೇಲೆ ನೀನು ತೋರಿಸೋ ಕೆಲ್ಸಕ್ಕೆ ಬೇಡ, ಗೋಡೌನಿಗೆ ಹೋಗು ಅಂತಾರೇನೋ. ಶನಿವಾರ ಅವರೇ ಬರ್ತಾರೆ."

"ವೈರ್ ಬಾಕ್ಸ್ ವಿಷ್ಯನೂ ಹೇಳ್ಬೇಕು ಸಾರ್..."

"ಒಂದೇ ಸಲಕ್ಕೆ ಎಷ್ಟು ಬಾಂಬ್ ಹಾಕ್ತೀಯಮ್ಮ! ಬಂದ ಮೇಲೆ ಅವರಿಗೇ ಹೇಳು."

"ಅಲ್ಲೀವರೆಗೂ ಮಾರೋದು ಬೇಡ ಸಾರ್." ಎನ್ನುತ್ತಲೇ ಆ ಬಾಕ್ಸುಗಳನ್ನು ಕಪಾಟಿನಿಂದ ತೆಗೆದು ಮ್ಯಾನೇಜರ ಕುರ್ಚಿಯ ಕೆಳಗೆ ಸೇರಿಸಿಬಿಟ್ಟಳು.

ಅಂದು ಸಂಜೆ ಕನ್ನಡಕದವನು ಬಂದ. ಬಕೆಟ್ ಅಕ್ಕನಿಂದ ಎಲ್ಲ ತಿಳಿದಿತ್ತು. ಮುಖ ಸುಣ್ಣದಂತಾಗಿತ್ತು.

"ಮೇಡಂ... ನಿಮ್ಮ ದೊಡ್ಡಮ್ಮ..."

"ಕಾಲಿಗೆ ಪೆಟ್ಟಾಗಿದೆ." ಅವಳು ಕಣ್ಣೊರೆಸಿಕೊಂಡು ಅವನ ಕಡೆ ನೋಡಿದಳು. "ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ನೀವು ಬಂದು ಹೇಳ್ದೇ ಇದ್ದಿದ್ರೆ ಇನ್ನೂ ಎಷ್ಟು ಜನ ಬೀಳ್ತಿದ್ರೋ! ಬೇರೆ ಯಾರಾದ್ರೂ ಆಗಿದ್ರೆ ಅಗ್ಗದ ಸಾಮಾನು ಅಂತ ಎಸೆದು ಸುಮ್ನಾಗ್ತಿದ್ರು. ನೀವು ಒಳ್ಳೆಯವರು."

ಆ 'ಒಳ್ಳೆಯವರು' ಎಂಬ ಮಾತು ಅವನ ಎದೆಗೆ ಸುತ್ತಿಗೆಯಂತೆ ಬಿತ್ತು. ತಿರುಗಿ ಹೊರಟೇಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಎದುರಿನ ಗಾಜಿನ ಬಾಗಿಲ ಹಿಂದೆ ಅವನ ನೆರಳು ಕಂಡರೆ, ಅವಳನ್ನು ನೋಡಿದೊಡನೆ ಆ ನೆರಳೂ ಸರಿದುಹೋಗುತ್ತಿತ್ತು.

'ಸರಿ ಬಿಡು... ನನ್ನ ಮಾತಿಗೆ ಬೆಲೆ ಇಲ್ಲ ಅಂತ ಗೊತ್ತಾಗೋಯ್ತಲ್ಲ. ಇನ್ಯಾಕೆ ಬರ್ತಾರೆ?'

ಕಾಲು ಮುರಿದದ್ದು ದೊಡ್ಡಮ್ಮನದು. ಕುಂಟುತ್ತಿದ್ದದ್ದು ಇವಳ ಮನಸ್ಸು.

ಶನಿವಾರ ಯಜಮಾನಿ ಬಂದರು. ಹತ್ತಾರು ಅಂಗಡಿಗಳ ಒಡತಿ. ನಡೆದು ಬಂದರೆ ನೆಲದ ಹಾಸುಗಲ್ಲುಗಳು ತಾವಾಗಿ ಒರೆಸಿಕೊಳ್ಳುತ್ತವೆ ಎಂಬಷ್ಟು ಗತ್ತು. ಅಂಗಡಿಯ ನಡುವೆ ಕುರ್ಚಿ ಹಾಕಿಸಿ ಕೂತು, ಗ್ಯಾರಂಟಿಯನ್ನು ಮುಂದೆ ನಿಲ್ಲಿಸಿಕೊಂಡರು.

"ನಿನ್ನ ಮಾತಿನ ಮೇಲೆ ನನ್ನ ವ್ಯಾಪಾರ ನಡೀತಿತ್ತು ಕಣಮ್ಮ. ಏಣಿ ಮಾಡಿಕೊಡೋ ಆ ವರ್ಕ್‌ಶಾಪಿನವನು ಬೆಳಗ್ಗೆಯಿಂದ ಫೋನಲ್ಲಿ ಅಳ್ತಾ ಇದಾನೆ. ಏನ್ ಹೇಳ್ತೀಯ?"

"ತಪ್ಪು ನಂದೇ ಮೇಡಂ. ನಾನು ಇನ್ನೂ ಸರಿಯಾಗಿ ನೋಡ್ಬೇಕಿತ್ತು..."

"ತಪ್ಪು ಅವರದಲ್ಲ!"

ಬಾಗಿಲಲ್ಲಿ ಕನ್ನಡಕದವನು! ಕೆಲಸದ ಬಿಳಿ ಕೋಟು, ಕೈಯಲ್ಲಿ ಇನ್ನೂ ಕೂರಿಸದ ಒಂದು ಗಾಜು, ಓಡಿ ಬಂದ ರಭಸಕ್ಕೆ ಬುಸುಗುಡುವ ಎದೆ. ಅವನ ಹಿಂದೆ, ಒಂದೇ ಗಾಜಿನ ಕನ್ನಡಕ ಹಾಕಿಕೊಂಡು ಒಂದು ಕಣ್ಣಿಗೆ ಮಾತ್ರ ಬೀದಿ ಕಾಣುತ್ತಿದ್ದ ಅವನ ಗಿರಾಕಿ ತಡಕಾಡಿಕೊಂಡು ಬಂದಿದ್ದರು.

"ಏಣಿ ಗಟ್ಟಿಯಾಗೇ ಇತ್ತು. ಕೀಲು ಸಡಿಲ ಮಾಡಿದ್ದು ನಾನು."

ಸೀಲಿಂಗ್ ಫ್ಯಾನೂ ತಿರುಗುವುದು ಬಿಟ್ಟು ಕಿವಿಗೊಟ್ಟಿತು.

"ಏನಂದ್ರಿ?" ಅವಳ ಸ್ವರ ಅವಳಿಗೇ ಕೇಳಿಸಲಿಲ್ಲ.

"ನನ್ನ ಸ್ಕ್ರೂಡ್ರೈವರಿಗೆ ಆ ತಿರುಪು ಜಗ್ಗಲೇ ಇಲ್ಲ. ಪಕ್ಕದ ಸೈಕಲ್ ಅಂಗಡಿಯಿಂದ ದೊಡ್ಡದು ಕಡ ತಂದು, ಬೆಳಗಿನ ಟೀ ಬಿಟ್ಟು, ಬೆವರಿಳಿಸಿ ಸಡಿಲ ಮಾಡಿದೆ. ಅಷ್ಟು ಗಟ್ಟಿ ಇತ್ತು ಅದು."

"ಯಾಕ್ರೀ? ನಿಮಗೇನಾಗಿತ್ತು?" ಮ್ಯಾನೇಜರು ಕೆಮ್ಮುವುದನ್ನೂ ಮರೆತರು.

ಅವನು ಯಾರನ್ನೂ ನೋಡಲಿಲ್ಲ, ಅವಳನ್ನೊಬ್ಬಳನ್ನೇ ನೋಡಿದ.

"ದೂರು ಇದ್ರೆ ಮಾತ್ರ ಇವರು ಎಲ್ಲಾ ಬಿಟ್ಟು ನಿಂತು ಕೇಳ್ತಾರೆ. ಸಾಮಾನು ಕೊಂಡ್ರೆ ಕೈಗೆ ಕೊಟ್ಟು ಮುಂದಿನವರನ್ನ ಕರೀತಾರೆ. ಮನೇಲಿ ಕಾಲಿಡೋಕೆ ಜಾಗ ಇಲ್ಲ, ಅಷ್ಟು ಬಕೆಟ್ ಆಗಿದೆ. ಒಂದೆರಡು ಮಾತು ಆಡಬೇಕಿತ್ತು... ಅಷ್ಟೇ. ಅವರು ಹಾಗೆ ಓಡ್ತಾರೆ ಅಂತ ಗೊತ್ತಿರ್ಲಿಲ್ಲ. ಆಮೇಲೆ ನಿಜ ಹೇಳೋಕೆ ಬಂದೆ, ಒಳ್ಳೆಯವರು ಅಂದ್ಬಿಟ್ರು. ಬಾಯೇ ಬರ್ಲಿಲ್ಲ."

ಬಕೆಟ್ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದು ಕಣ್ಣಿನ ಗಿರಾಕಿ ಕೂಡ ಆ ಒಂದು ಕಣ್ಣನ್ನು ಒರೆಸಿಕೊಂಡರು.

ಆದರೆ ಗ್ಯಾರಂಟಿ ಕರಗಲಿಲ್ಲ. ಅವಳ ಕಿವಿಯ ಹೊರಗೆ ನಿಂತಿದ್ದ ದೊಡ್ಡಮ್ಮನ ಮಾತು ಈಗ ಬಾಗಿಲು ಒದ್ದು ಒಳಗೆ ಬಂದಿತ್ತು. ಏಣಿ ನಿಂತೇ ಇತ್ತು! ಬೀಳಿಸಿದ್ದು ತನ್ನ ಕೂಗು. ಆ ಕೂಗು ಹುಟ್ಟಿದ್ದು ಇವನ ಸುಳ್ಳಿನಿಂದ.

"ನಿಮಗೆ ಅದು ಒಂದು ನೆಪ," ಎಂದಳು. "ನನಗೆ ಅದು ನಮ್ಮ ದೊಡ್ಡಮ್ಮನ ಪ್ರಾಣ. ನಾನು ಊಟ ಬಿಟ್ಟೆ, ನಿದ್ದೆ ಬಿಟ್ಟೆ. ದಾರೀಲಿ ಆಂಬುಲೆನ್ಸ್ ಸದ್ದು ಕೇಳಿದ್ರೆ ನಾನು ಮಾರಿದ ಏಣಿನೇ ಅನ್ಕೊಂಡೆ. ತಿರುಪಿನ ವಿಷ್ಯದಲ್ಲಿ ನೀವು ಹೇಳಿದ್ರೆ ಸುಳ್ಳಿರಲ್ಲ ಅಂತ ನಂಬಿದ್ದೆ ಕಣ್ರೀ!"

ಅವಳು ಬಾಗಿಲತ್ತ ಬೆರಳು ತೋರಿಸಿದಳು.

"ಇನ್ಮೇಲೆ ಈ ಅಂಗಡಿ ಮೆಟ್ಟಿಲು ಹತ್ಬೇಡಿ."

ಅವನು ಹೊರಟುಹೋದ. ಗಿರಾಕಿ ಅವನ ಕೋಟಿನ ತುದಿ ಹಿಡಿದುಕೊಂಡು ಹಿಂಬಾಲಿಸಿದರು.

ಯಜಮಾನಿ ನಿಟ್ಟುಸಿರು ಬಿಟ್ಟು ಎದ್ದರು. "ಸರಿ, ಏಣಿ ಗಟ್ಟಿ ಅಂತಾಯ್ತು. ನೀನು ಗೋಡೌನಿಗೆ ಹೋಗೋದು ಬೇಡ. ನನ್ನ ಸಾಮಾನೆಲ್ಲ ಚೆನ್ನಾಗೇ ಇದೆ ತಾನೆ?"

'ಹೂಂ' ಎಂದರೆ ಎಲ್ಲ ಮುಗಿಯುತ್ತಿತ್ತು. ಒಂದೇ ಅಕ್ಷರ. ಅದು ಅವಳ ನಾಲಗೆಯ ತುದಿಗೂ ಬಂದಿತ್ತು. ಈಗಷ್ಟೇ ಒಬ್ಬನ ಸುಳ್ಳಿಗೆ ಉರಿದುಬಿದ್ದ ನಾಲಗೆ ಅದು. ಮಡಚಿಕೊಂಡಿತು.

"ಇಲ್ಲ ಮೇಡಂ. ಏಣಿ ಚೆನ್ನಾಗಿದೆ, ಬಕೆಟ್ ಚೆನ್ನಾಗಿದೆ. ದುಬಾರಿ ಅಂಗಡಿಯವಕ್ಕಿಂತ ಒಂದು ಕೈ ಮೇಲೇ ಇವೆ. ಆದ್ರೆ ಆ ವೈರ್ ಬಾಕ್ಸ್ ಚೆನ್ನಾಗಿಲ್ಲ. ಇಸ್ತ್ರಿಪೆಟ್ಟಿಗೆ ಹಾಕಿದ್ರೆ ಕರಗುತ್ತೆ. ನಾನು ಬರೀ ದೀಪ ಹಾಕಿ ನೋಡಿ ಗ್ಯಾರಂಟಿ ಅಂದ್ಬಿಟ್ಟಿದ್ದೆ. ಅದು ಮಾತ್ರ ನನ್ನದೇ ತಪ್ಪು. ಕೊಂಡವರನ್ನೆಲ್ಲ ವಾಪಸ್ ಕರೀಬೇಕು."

"ಅಗ್ಗದ ಅಂಗಡೀಲಿ ಅದನ್ನೆಲ್ಲ ಯಾರಮ್ಮ ಕೇಳ್ತಾರೆ?"

"ಕೊಂಡಿರೋರು ಅಗ್ಗದ ಮನುಷ್ಯರಲ್ಲವಲ್ಲ ಮೇಡಂ."

ಮ್ಯಾನೇಜರು ಈಗ ಕೆಮ್ಮಿದರು, ಜೋರಾಗಿ. ಕುರ್ಚಿಯ ಕೆಳಗಿಂದ ಒಂದು ಬಾಕ್ಸು ತೆಗೆದು ಯಜಮಾನಿಯ ಮುಂದಿಟ್ಟರು. ಅಂಗಡಿಯ ಇಸ್ತ್ರಿಪೆಟ್ಟಿಗೆಯೇ ಬಂತು. ಪ್ಲಾಸ್ಟಿಕ್ ವಾಸನೆ ಮೂಗಿಗೆ ಬಡಿದ ಮೇಲೆ ಯಜಮಾನಿ ಮುಖ ಸಿಂಡರಿಸಿಕೊಂಡು, "ಬಾಗಿಲಿಗೆ ಬೋರ್ಡು ಬರೆಸಿ ಹಾಕ್ರಿ, ದುಡ್ಡು ವಾಪಸ್ ಕೊಡಿ," ಎಂದರು. ಹೊರಡುವಾಗ ಗ್ಯಾರಂಟಿಯ ಕಡೆ ತಿರುಗಿ, "ಇನ್ಮೇಲೆ ಎಲ್ಲದಕ್ಕೂ ಇಸ್ತ್ರಿಪೆಟ್ಟಿಗೆ ಹಾಕಿ ನೋಡು, ತಾಯಿ," ಎಂದು ಗೊಣಗಿದರು.

ಗೆದ್ದಳು. ಏಣಿಗಳು ಮತ್ತೆ ಸಾಲಾಗಿ ನಿಂತವು. ಆದರೂ ಯಾಕೋ ಅಂಗಡಿ ಖಾಲಿ ಖಾಲಿ. ಎದುರಿನ ಗಾಜಿನ ಬಾಗಿಲು ತೆರೆದಾಗಲೆಲ್ಲ ಕಿವಿ ನಿಮಿರುತ್ತಿತ್ತು. ಅದಕ್ಕೆ ಬಯ್ದು ಮಲಗಿಸುತ್ತಿದ್ದಳು.

'ನಾನೂ ಸರಿಯಾಗಿ ನೋಡ್ದೇ ಗ್ಯಾರಂಟಿ ಅಂದಿದ್ದೆ... ನನ್ನನ್ನ ಎಲ್ಲರೂ ಕ್ಷಮಿಸಿದ್ರು. ನಾನು ಅವರನ್ನ...?'

ವಾರ ಕಳೆದಿರಬಹುದು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಪರದೆ ಕೊಡಬೇಕಾಗಿತ್ತು. "ಕಾಲು ಸರಿ ಇಲ್ದಿದ್ರೂ ನಾನು ಮುಂದೆ ನಿಂತು ಕಟ್ಟಿಸ್ತೀನಿ, ಸಂಜೆ ಬಂದು ನನ್ನ ಕರ್ಕೊಂಡು ಹೋಗು," ಎಂದಿದ್ದಳು ದೊಡ್ಡಮ್ಮ. ಯಾರ ಕೈಲಿ ಕಟ್ಟಿಸುತ್ತಾಳೆಂದು ಹೇಳಿರಲಿಲ್ಲ.

ಸಂಜೆ ಕ್ಲಿನಿಕ್ಕಿನ ಬಾಗಿಲಲ್ಲೇ ಅವಳ ಕಾಲು ಕಟ್ಟಿಹಾಕಿದಂತಾಯಿತು.

ದೊಡ್ಡಮ್ಮ ಒಂದು ಕುರ್ಚಿಯಲ್ಲಿ, ಅವಳ ಬಿಳಿ ಕಟ್ಟಿನ ಕಾಲು ಇನ್ನೊಂದು ಕುರ್ಚಿಯಲ್ಲಿ. ಕೈಯಲ್ಲಿ ಸೇನಾಪತಿಯ ಕತ್ತಿಯಂತೆ ಅಳತೆ ಟೇಪು. ಕಿಟಕಿಯ ಬಳಿ ಏಣಿಯ ಮೇಲೆ, ಬಾಯಿ ತುಂಬ ಕೊಕ್ಕೆ ಕಚ್ಚಿಕೊಂಡು, ಕನ್ನಡಕದವನು!

"ಇದೇನಿದು ದೊಡ್ಡಮ್ಮ?"

"ಮನೆಗೆ ಬಂದು ಎಲ್ಲಾ ಒಪ್ಕೊಂಡ ಕಣೇ. ಬಾಯಿಗೆ ಬಂದ ಹಾಗೆ ಬಯ್ದೆ. ಬಯ್ದು ಬಯ್ದು ನಂಗೇ ಬಾಯಾರಿಕೆ ಆಯ್ತು, ಎದ್ದು ನೀರು ತಂದುಕೊಟ್ಟ. ನನ್ನ ಕಾಲು ವಾಸಿ ಆಗೋವರೆಗೂ ಕೆಲ್ಸ ಬಿಟ್ಟ ಮೇಲೆ ನನ್ನ ಪರದೆ ಎಲ್ಲಾ ಇವ್ನೇ ಕಟ್ಟಬೇಕು ಅಂದಿದೀನಿ." ದೊಡ್ಡಮ್ಮ ಮೇಲಕ್ಕೆ ನೋಡಿ ಗದರಿದಳು. "ಏನಪ್ಪಾ, ಸರಿಯಾಗಿ ಬಂತಾ?"

ಅವನು ಕೊಕ್ಕೆಗಳನ್ನು ಕೈಗೆ ಉಗುಳಿಕೊಂಡ. ಗ್ಯಾರಂಟಿಯನ್ನು ನೋಡಿ ಕಿವಿ ಕೆಂಪಾದವು, ಆದರೂ ಉತ್ತರ ತಡವಾಗಲಿಲ್ಲ.

"ಇಲ್ಲ ದೊಡ್ಡಮ್ಮ. ತಲೆಕೆಳಗಾಗಿ ಕಟ್ಟಿದೀನಿ. ಹೂವೆಲ್ಲ ಕೆಳಗೆ ನೋಡ್ತಾ ಇವೆ. ನಂದೇ ತಪ್ಪು."

"ಬಿಚ್ಚಿ ಮತ್ತೆ ಕಟ್ಟು!"

"ಕಟ್ತೀನಿ. ಆ ಪಕ್ಕದ್ದೂ ಹಾಗೇ ಆಗಿದೆ. ಅದು ನಿಮಗಿನ್ನೂ ಕಂಡಿಲ್ಲ."

ಗ್ಯಾರಂಟಿಗೆ ಎಲ್ಲಿತ್ತೋ ನಗು! ಕಟ್ಟೆಯೊಡೆದ ಹಾಗೆ ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆಮೇಲೆ ನಗು ನಿಂತರೂ ನೀರು ನಿಲ್ಲಲಿಲ್ಲ.

ದೊಡ್ಡಮ್ಮ ಅವಳನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. "ನನಗೆ ಕಣ್ಣು ಎಳೀತಾ ಇದೆ," ಎಂದು ಘೋಷಿಸಿ, ಸಂಜೆ ನಿದ್ದೆಯ ಅಭ್ಯಾಸವೇ ಇಲ್ಲದ ಆ ಮಹಾತಾಯಿ ಕಣ್ಣು ಮುಚ್ಚಿ ಗೊರಕೆಯನ್ನೂ ಹೊಡೆಯತೊಡಗಿದಳು.

ಅವನು ಇಳಿದು ಬಂದ. ಇಬ್ಬರ ನಡುವೆ ಒಂದು ಪರದೆಯ ರಾಶಿ.

"ನೀವು ಅಷ್ಟು ಹೆದರಿದ್ರಿ... ನನ್ನಿಂದ," ಎಂದ. "ಅದನ್ನ ಯಾವ ಸ್ಕ್ರೂಡ್ರೈವರ್ ತಗೊಂಡೂ ನಾನು ಸರಿ ಮಾಡೋಕೆ ಆಗಲ್ಲ. ಕ್ಷಮಿಸಿ ಅಂತ ಕೇಳೋಕೂ ಬಾಯಿಲ್ಲ."

"ನಾನು ಇನ್ನೂ ಹೆದರ್ತಾನೇ ಇದೀನಿ."

"ಯಾತಕ್ಕೆ?"

"ನೀವು ಇನ್ನು ಬರಲ್ವೇನೋ ಅಂತ."

ಅವನು ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. ಎದುರಿಗಿರುವುದು ಅವಳೇ ಎಂದು ಖಾತರಿ ಮಾಡಿಕೊಳ್ಳುವವನಂತೆ ನೋಡಿದ.

"ನಾಳೆ... ನಿಮ್ಮ ಅಂಗಡಿಗೆ ಬರ್ಲಾ?"

"ಯಾಕೆ? ಬಕೆಟ್ ಬೇಕಾ?"

"ಬೇಡ."

"ದೂರೇನಾದ್ರೂ ಇದೆಯಾ?"

"ಒಂದೂ ಇಲ್ಲ." ಅವನು ಕಣ್ಣು ತಪ್ಪಿಸಲಿಲ್ಲ. "ನಿಮ್ಮನ್ನ ನೋಡ್ಬೇಕು. ನೀವಂದ್ರೆ ನನಗೆ ತುಂಬಾ ಇಷ್ಟ. ಬೇರೆ ಕಾರಣ ಇಲ್ಲ."

"ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತಾ?"

"ಹೆದರಿಕೆ ಆಗ್ತಿತ್ತು. ಈಗ್ಲೂ ಆಗ್ತಾ ಇದೆ."

ದೊಡ್ಡಮ್ಮನ ಗೊರಕೆ ಸಟ್ಟನೆ ನಿಂತಿತು. ಮುಂದಿನ ಮಾತು ತಪ್ಪಿಸಿಕೊಂಡರೆ ಹೇಗೆ?

ಗ್ಯಾರಂಟಿ ಪರದೆಯ ರಾಶಿ ದಾಟಿ ಬಂದು, ತಿರುಪು ಬಿಗಿ ಮಾಡುವ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಹೆದರ್ಕೊಂಡೇ ಬನ್ನಿ," ಎಂದಳು. "ಆದ್ರೆ ಬನ್ನಿ."